ಉಗುರಿನ ಕೆಲಸ, ಕೊಡಲಿಯ ಕೆಲಸ

‘ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ?’ ಅಲ್ಪ ಕಾರಣಕ್ಕೆ ದೊಡ್ಡ ರಂಪ ಎಬ್ಬಿಸುವವರನ್ನು ತಡೆಯಲು ಹಿರಿಯರು ಆಡುವ ಮಾತಿದು. ಅಣ್ಣತಮ್ಮಂದಿರ ಬದುವಿನ ಜಗಳ ಕೋರ್ಟು ಮೆಟ್ಟಿಲೇರುವ ಮುನ್ನ ಊರಿನ ಯಾರಾದರೊಬ್ಬರು ಇದನ್ನು ನೆನಪಿಸುತ್ತಾರೆ. ಗಾದೆಯನ್ನು ಬಿಡಿಸಿ ನೋಡಿದರೆ ಅದರೊಳಗೆ ಮೂರು ಬುದ್ಧಿಗಳಿವೆ. ಚಿಕ್ಕದಕ್ಕೆ ಚಿಕ್ಕ ಉಪಾಯ ಸಾಕು ಎಂಬುದು ಮೊದಲನೆಯದು. ಚಿಕ್ಕದಾಗಿರುವಾಗಲೇ ಕೈಹಾಕಬೇಕು ಎಂಬುದು ಎರಡನೆಯದು. ಕೊಡಲಿಯೇ ಬೇಕಾದ ಕಡೆ ಉಗುರು ಸಾಲದು ಎಂಬುದು ಮೂರನೆಯದು. ಈ ಮೂರೂ ಒಟ್ಟಿಗೆ ಪರೀಕ್ಷೆಗೆ ಬರುವ ಜಾಗವೆಂದರೆ ದೂರದ ಸೈಕಲ್ ಪ್ರಯಾಣ. ಅದರಲ್ಲೂ ಮನಾಲಿಯಿಂದ ಲೇಹ್‌ಗೆ ಹೋಗುವ ಹಾದಿ.

ಕರ್ನಾಟಕದ ಸೈಕಲ್ ಸವಾರರೂ ಬೇಸಿಗೆಯಲ್ಲಿ ಈ ದಾರಿ ಹಿಡಿಯುತ್ತಾರೆ. ಕೇಲಾಂಗ್ ದಾಟಿದ ಮೇಲೆ ಲೇಹ್ ಹತ್ತಿರವಾಗುವವರೆಗೆ ಪೇಟೆ ಎನ್ನುವಂಥದ್ದಿಲ್ಲ. ಸರ್ಚು, ಪಾಂಗ್‌ಗಳಲ್ಲಿ ಋತುಮಾನಕ್ಕೆ ತಲೆಯೆತ್ತುವ ಡಾಬಾ ಡೇರೆಗಳು ಸಿಗುತ್ತವೆ. ಅಲ್ಲಿ ಮ್ಯಾಗಿ ಉಂಟು, ರಜಾಯಿ ಉಂಟು, ಸೈಕಲ್ ಅಂಗಡಿಯಿಲ್ಲ. ದಾರಿಯಲ್ಲಿ ದಾಟಬೇಕಾದ ಕಣಿವೆಮಾರ್ಗಗಳಲ್ಲಿ ಬಾರಾಲಾಚಾ ಲಾ ಸುಮಾರು 4,890 ಮೀಟರ್ ಎತ್ತರದಲ್ಲಿದೆ. ಲಾಚುಂಗ್ ಲಾ 5,000 ಮೀಟರನ್ನೂ, ತಂಗ್ಲಾಂಗ್ ಲಾ 5,300 ಮೀಟರನ್ನೂ ಮೀರುತ್ತವೆ. ಇಲ್ಲಿ ಮೆಕ್ಯಾನಿಕ್ಕೂ ನೀವೇ, ಮೊದಲ ವೈದ್ಯರೂ ನೀವೇ.

ಮೊದಲ ಬುದ್ಧಿಗೆ ಪಂಕ್ಚರ್ ಒಳ್ಳೆಯ ಉದಾಹರಣೆ. ಟ್ಯೂಬಿನ ತೂತು ಹುಡುಕಿ, ಮರಳುಕಾಗದದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ಒಣಗುವ ತನಕ ತಾಳ್ಮೆಯಿಂದ ಕಾದು ಪ್ಯಾಚ್ ಒತ್ತಿದರೆ ಕೆಲಸ ಮುಗಿಯಿತು. ಗಾಬರಿಯಲ್ಲಿ ಹೊಸ ಟ್ಯೂಬು ತುರುಕಿದವರು ಟೈರಿನ ಒಳಮೈಯನ್ನು ಬೆರಳಿನಿಂದ ಸವರಿ ನೋಡುವುದಿಲ್ಲ. ಒಳಗೇ ಉಳಿದ ಮುಳ್ಳೋ ತಂತಿಯ ಚೂರೋ ಹೊಸ ಟ್ಯೂಬನ್ನೂ ಚುಚ್ಚುತ್ತದೆ. ಟೈರಿನ ಪಕ್ಕ ಹರಿದರೂ ಹಳೆಯ ಟೈರಿನ ತುಂಡನ್ನು ಒಳಗೆ ಇಟ್ಟು ಕೆಲವು ದಿನ ಸಾಗಬಹುದು.

ಹೊಟ್ಟೆಯ ವಿಷಯವೂ ಹೀಗೆಯೇ. ಭೇದಿ ಶುರುವಾದ ಕೂಡಲೇ ಆ್ಯಂಟಿಬಯೋಟಿಕ್ ನುಂಗುವವರಿದ್ದಾರೆ. ಮೊದಲು ಬೇಕಾದದ್ದು ನೀರು, ಉಪ್ಪು, ಸಕ್ಕರೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಬಾಟಲಿಗಳು ಸಾಲದಾದಾಗ ಡಾ. ದಿಲೀಪ್ ಮಹಲನಬಿಸ್ ರೋಗಿಗಳಿಗೆ ಉಪ್ಪು-ಗ್ಲುಕೋಸಿನ ನೀರು ಕುಡಿಸಿದರು. ಶೇ. 30ರಷ್ಟಿದ್ದ ಸಾವಿನ ಪ್ರಮಾಣ ಅವರ ಆರೈಕೆಯಲ್ಲಿ ಶೇ. 3.6ಕ್ಕೆ ಇಳಿಯಿತು. ಓಆರ್‌ಎಸ್ ಪೊಟ್ಟಣ ಮುಗಿದುಹೋದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿಕೊಳ್ಳಿ. ಎತ್ತರದಲ್ಲಿ ನೀರು ನೂರು ಡಿಗ್ರಿಗಿಂತ ಕಡಿಮೆ ಶಾಖದಲ್ಲೇ ಕುದಿಯುವುದರಿಂದ ಮೂರು ನಿಮಿಷ ಕುದಿಸಬೇಕು. ಮಲದಲ್ಲಿ ರಕ್ತ ಕಂಡರೆ, ಜ್ವರ ಏರಿದರೆ ಮಾತ್ರ ಅದು ಉಗುರಿನ ಕೆಲಸವಲ್ಲ, ವೈದ್ಯರೇ ಬೇಕು.

ಎರಡನೆಯ ಬುದ್ಧಿ ಎಲ್ಲಕ್ಕಿಂತ ಮುಖ್ಯ, ಜನ ಮರೆಯುವುದೂ ಅದನ್ನೇ. ಈ ರಸ್ತೆಯಲ್ಲಿ ಹಿಮ ಕರಗಿದ ನೀರು ಅಡ್ಡ ಹರಿಯುತ್ತದೆ. ಅದು ಚೈನಿನ ಎಣ್ಣೆಯನ್ನು ತೊಳೆಯುತ್ತದೆ, ಆಮೇಲೆ ಧೂಳು ಅಂಟುತ್ತದೆ. ಸಂಜೆ ಬಟ್ಟೆಯಿಂದ ಒರೆಸಿ ಎಣ್ಣೆ ಬಿಟ್ಟರೆ ಐದು ನಿಮಿಷದ ಕೆಲಸ. ಬಿಟ್ಟುಬಿಟ್ಟರೆ ಚೈನ್ ಸವೆದು ಹಿಂದಿನ ಹಲ್ಲುಚಕ್ರಗಳನ್ನೂ ತಿನ್ನುತ್ತದೆ. ಸಾಮಾನಿನ ಭಾರ ಹೊತ್ತ ಹಿಂಚಕ್ರದಲ್ಲಿ ಒಂದು ಕಡ್ಡಿ ಮುರಿದರೆ ಅದರ ಪಾಲಿನ ಹೊರೆ ಅಕ್ಕಪಕ್ಕದ ಕಡ್ಡಿಗಳ ಮೇಲೆ ಬೀಳುತ್ತದೆ. ಅಲ್ಲೇ ನಿಂತು, ಹೊಸ ಕಡ್ಡಿ ಹಾಕಿ, ಸ್ಪೋಕ್ ಕೀಯನ್ನು ಕಾಲು ಸುತ್ತಿನಂತೆ ತಿರುಗಿಸುತ್ತ ರಿಮ್ಮಿನ ಬೆಂಡ್ ತೆಗೆಯಬೇಕು. ‘ಮುಂದಿನ ಡಾಬಾದಲ್ಲಿ ನೋಡೋಣ’ ಎಂದರೆ ಅಷ್ಟರಲ್ಲಿ ಇನ್ನೆರಡು ಕಡ್ಡಿ ಹೋಗಿರಬಹುದು. ತಂಗ್ಲಾಂಗ್ ಲಾದ ಉದ್ದನೆಯ ಇಳಿಜಾರಿಗೆ ಮೊದಲು ಬ್ರೇಕ್ ಪ್ಯಾಡುಗಳನ್ನು ನೋಡುವುದೂ ಇದೇ ಲೆಕ್ಕದ್ದು.

ದೇಹವೂ ಮೊದಲು ಮೆಲ್ಲಗೆ ಹೇಳುತ್ತದೆ. ಮಂಡಿ ನೋವು ಬಂದ ದಿನವೇ ಸೀಟಿನ ಎತ್ತರ ಸರಿಪಡಿಸಬೇಕು. ತೊಡೆಸಂದಿನ ಉಜ್ಜುಗಾಯವನ್ನು ಅಂದೇ ತೊಳೆದು ಒಣಗಿಸಬೇಕು. ತಲೆನೋವು, ವಾಕರಿಕೆ, ನಿದ್ದೆಗೇಡು ಬಂದರೆ ಅದು ಎತ್ತರದ ಕಾಯಿಲೆಯ ಸುಳಿವು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು ಎಂಬುದು ವೈದ್ಯರ ಸಲಹೆ. ಈ ಹಾದಿಯಲ್ಲಿ ಜಿಸ್ಪಾದಿಂದ ಸರ್ಚುಗೆ ಸುಮಾರು ಸಾವಿರ ಮೀಟರ್ ಏರಿಕೆ. ನಡುವೆ ಇನ್ನೊಂದು ರಾತ್ರಿ ತಂಗಿ ಹೋಗುವುದು ಹೇಡಿತನವಲ್ಲ, ವಿವೇಕ.

ಇನ್ನು ಮೂರನೆಯ ಬುದ್ಧಿ. ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ನಡಿಗೆ ತೂರಾಡಿ ಮಾತು ತಪ್ಪಿದರೆ ಮೆದುಳು ಊದಿಕೊಳ್ಳುತ್ತಿರಬಹುದು. ಆಗ ಮಾತ್ರೆ ನುಂಗಿ ಬೆಳಗಿಗೆ ಕಾಯುವುದು ಪ್ರಾಣಕ್ಕೇ ಸಂಚಕಾರ. ತಕ್ಷಣ ಕೆಳಗಿಳಿಯಬೇಕು. ಆದರೆ ಈ ಹಾದಿಯ ರಚನೆ ಕಠೋರ. ಬಾರಾಲಾಚಾ ದಾಟಿ ಸರ್ಚು, ಪಾಂಗ್‌ಗಳ ಕಡೆ ಬಂದವರು ಅಲ್ಲಿಂದ ಕೆಳಗಿನ ಊರು ಸೇರಬೇಕಾದರೆ ಯಾವ ದಿಕ್ಕಿಗೆ ಹೊರಟರೂ ಮತ್ತೊಂದು ಎತ್ತರದ ಕಣಿವೆಮಾರ್ಗವನ್ನು ಹತ್ತಲೇಬೇಕು. ಕಾಯಿಲೆಯಾದವರು ಅದನ್ನು ತುಳಿದು ದಾಟುವುದು ಸಾಧ್ಯವಿಲ್ಲ. ಆಮ್ಲಜನಕ, ವಾಹನ, ಸೇನೆಯ ಶಿಬಿರದ ನೆರವು ಯಾವುದು ಸಿಕ್ಕರೂ ಕೇಳಲು ಸಂಕೋಚ ಬೇಡ. ಇದಕ್ಕೇ ಬಾರಾಲಾಚಾದ ಬುಡದಲ್ಲಿ ತಲೆನೋವಿದ್ದರೆ ಅಂದು ಮೇಲೇರಕೂಡದು. ರಿಮ್ ಸೀಳಿದ, ಫ್ರೇಮ್ ಬಿರುಕು ಬಿಟ್ಟ ಸೈಕಲ್ಲಿಗೂ ಇದೇ ತೀರ್ಪು: ತಂತಿ ಸುತ್ತಿ ಇಳಿಜಾರಿಗೆ ಇಳಿಸಬೇಡಿ, ಲಾರಿಗೆ ಹಾಕಿ.

ಗಾದೆ ಉಗುರನ್ನು ಹೊಗಳುವುದೂ ಇಲ್ಲ, ಕೊಡಲಿಯನ್ನು ಹಳಿಯುವುದೂ ಇಲ್ಲ. ಅದು ಕೇಳುವುದು ಅಳತೆಯ ಪ್ರಜ್ಞೆಯನ್ನು. ದೂರ ಹೊರಡುವವರು ಹೊರಡುವ ಮೊದಲೇ ಪಂಕ್ಚರ್ ಹಾಕುವುದನ್ನು, ಕಡ್ಡಿ ಬದಲಿಸುವುದನ್ನು, ಎತ್ತರದ ಕಾಯಿಲೆಯ ಲಕ್ಷಣಗಳನ್ನು ಕಲಿತುಕೊಳ್ಳಿ. ಪ್ರತಿ ಸಂಜೆ ಸೈಕಲ್ಲನ್ನೂ ಮೈಯನ್ನೂ ಒಮ್ಮೆ ತಪಾಸಣೆ ಮಾಡಿ. ಹಿಂತಿರುಗಬೇಕಾದಾಗ ತಡಮಾಡದೆ ಹಿಂತಿರುಗಿ. ಮುಂದಿನ ಬೇಸಿಗೆಗೂ ಆ ದಾರಿ ಅಲ್ಲೇ ಇರುತ್ತದೆ.