ಅರ್ಹತೆ, ಯೋಗ್ಯತೆ ಮತ್ತು ಮತದಾರನ ಹೊಣೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯಂತಹ ಊರಿನಲ್ಲಿ ರಾಷ್ಟ್ರಪತಿಯ ಚುನಾವಣೆಗೆಂದು ಮತಗಟ್ಟೆ ತೆರೆಯುವುದಿಲ್ಲ. ಯಾರ ಬೆರಳಿಗೂ ಶಾಯಿ ಹಚ್ಚುವುದಿಲ್ಲ. ಬೆಂಗಳೂರಿನ ವಿಧಾನಸೌಧದಲ್ಲಿ ಶಾಸಕರು ಗುಲಾಬಿ ಬಣ್ಣದ ಮತಪತ್ರದ ಮೇಲೆ ಒಂದು, ಎರಡು ಎಂದು ಅಂಕೆಗಳನ್ನು ಬರೆದು ಪೆಟ್ಟಿಗೆಗೆ ಹಾಕುತ್ತಾರೆ. ಎಣಿಕೆ ದೆಹಲಿಯಲ್ಲಿ ನಡೆಯುತ್ತದೆ. ಫಲಿತಾಂಶವನ್ನು ಊರಿನವರು ಮರುದಿನದ ಪತ್ರಿಕೆಯಲ್ಲಿ ಓದುತ್ತಾರೆ. ಆದರೂ ಅಭ್ಯರ್ಥಿಗಳ ಹೆಸರು ಹೊರಬಿದ್ದಾಗ ವಿಚಾರವಂತನಾದ ಗೃಹಸ್ಥನ ಮನಸ್ಸಿನಲ್ಲಿ ಒಂದು ಕಳವಳ ಮೂಡದಿರುವುದಿಲ್ಲ: ಅಷ್ಟು ಎತ್ತರದ ಪೀಠಕ್ಕೆ ಯೋಗ್ಯನಲ್ಲದವನು ಬಂದು ಕುಳಿತರೆ ಗತಿಯೇನು? ಅದನ್ನು ತಡೆಯಲು ತನ್ನ ಕೈಯಲ್ಲಿ ಏನಿದೆ? ಏನೂ ಇಲ್ಲವೆಂದಾದರೆ ತನಗೆ ಅದರ ಹೊಣೆಯೂ ಇಲ್ಲವೆಂದು ಸುಮ್ಮನಿರಬಹುದೇ?

ಈ ಕಳವಳ ನಿರಾಧಾರವೇ ಎಂಬುದನ್ನು ಮೊದಲು ನೋಡಬೇಕು. ರಾಷ್ಟ್ರಪತಿ ಎಂದರೆ ಮಂತ್ರಿಮಂಡಲ ಕಳುಹಿಸಿದ ಕಾಗದಕ್ಕೆ ಮುದ್ರೆ ಒತ್ತುವವರು ಮಾತ್ರ, ಆ ಸ್ಥಾನದಲ್ಲಿ ಯಾರಿದ್ದರೇನು ಎಂಬ ಮಾತು ಬಹಳ ಕಾಲದಿಂದ ಬಳಕೆಯಲ್ಲಿದೆ. ಕರ್ನಾಟಕದ ಜನರಿಗೆ ಈ ಮಾತು ಒಪ್ಪುವಂಥದಲ್ಲ. 1989ರ ಏಪ್ರಿಲ್ 21ರಂದು ಎಸ್. ಆರ್. ಬೊಮ್ಮಾಯಿಯವರ ಸರ್ಕಾರವನ್ನು ವಜಾ ಮಾಡಿ ರಾಜ್ಯದ ಮೇಲೆ ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತು. ವಿಧಾನಸಭೆಯಲ್ಲಿಯೇ ಬಹುಮತ ಸಾಬೀತುಪಡಿಸಲು ಅವಕಾಶ ಕೊಡಿರೆಂದು ಮುಖ್ಯಮಂತ್ರಿಗಳು ಕೇಳಿದರೂ ಆ ಅವಕಾಶ ದೊರೆಯಲಿಲ್ಲ. ರಾಜ್ಯಪಾಲರ ವರದಿ, ಕೇಂದ್ರ ಮಂತ್ರಿಮಂಡಲದ ಸಲಹೆ, ಕೊನೆಗೆ ಒಂದು ಸಹಿ. ಅಷ್ಟರಿಂದ ಕೋಟ್ಯಂತರ ಜನರು ಆರಿಸಿದ ವಿಧಾನಸಭೆ ಇಲ್ಲವಾಯಿತು. ಆ ಘೋಷಣೆ ಸಂವಿಧಾನಬಾಹಿರವೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತದ್ದು 1994ರ ಮಾರ್ಚ್ 11ರಂದು. ಐದು ವರ್ಷಗಳ ತರುವಾಯ ಬಂದ ಆ ನ್ಯಾಯ ಮುಂದಿನವರಿಗೆ ದಾರಿದೀಪವಾಯಿತೇ ಹೊರತು ಕಳೆದುಹೋದ ಸರ್ಕಾರವನ್ನು ಹಿಂದಿರುಗಿಸಲಿಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ದೃಷ್ಟಾಂತವನ್ನು ಇಟ್ಟು ನೋಡಬಹುದು. 1997ರಲ್ಲಿ ಉತ್ತರ ಪ್ರದೇಶದ ವಿಷಯದಲ್ಲಿಯೂ 1998ರಲ್ಲಿ ಬಿಹಾರದ ವಿಷಯದಲ್ಲಿಯೂ ಇಂಥದೇ ಶಿಫಾರಸು ರಾಷ್ಟ್ರಪತಿ ಕೆ. ಆರ್. ನಾರಾಯಣನ್ ಅವರ ಮುಂದೆ ಬಂದಿತು. ಎರಡು ಬಾರಿಯೂ ಅವರು ಮರುಪರಿಶೀಲಿಸಿರೆಂದು ಕಡತವನ್ನು ಮಂತ್ರಿಮಂಡಲಕ್ಕೆ ಹಿಂದಿರುಗಿಸಿದರು. 1978ರ 44ನೆಯ ತಿದ್ದುಪಡಿಯಿಂದ ಸ್ಪಷ್ಟವಾಗಿ ದೊರೆತ ಈ ಅಧಿಕಾರ ಬಹಳ ಚಿಕ್ಕದು. ಅದೇ ಸಲಹೆ ಮತ್ತೆ ಬಂದರೆ ರಾಷ್ಟ್ರಪತಿ ಒಪ್ಪಲೇಬೇಕು. ಆದರೆ ಒಮ್ಮೆ ತಡೆದು ಯೋಚಿಸುವ ಆ ಚಿಕ್ಕ ಅವಕಾಶದಲ್ಲಿಯೇ ಪೀಠದಲ್ಲಿ ಕುಳಿತವರ ಯೋಗ್ಯತೆಯ ಪರೀಕ್ಷೆ ನಡೆಯುತ್ತದೆ. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಯ ಘೋಷಣೆಗೆ ಸಹಿ ಬಿದ್ದಾಗ ಮಂತ್ರಿಮಂಡಲ ಇನ್ನೂ ಸಭೆ ಸೇರಿರಲಿಲ್ಲ. ಅದರ ಒಪ್ಪಿಗೆ ದೊರೆತದ್ದು ಮರುದಿನ ಬೆಳಿಗ್ಗೆ. ಸಹಿ ಮಾಡುವ ಕೈ ಯಾರದೆಂಬುದು ಅಲ್ಪ ವಿಷಯವಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಡ. ಆದ್ದರಿಂದ ಮತದಾರನ ಕಳವಳಕ್ಕೆ ಆಧಾರವಿದೆ.

ಹಾಗಾದರೆ ಅಯೋಗ್ಯರನ್ನು ತಡೆಯಲು ಕಾನೂನು ಏನು ಮಾಡಿದೆ? ಸಂವಿಧಾನದ 58ನೆಯ ವಿಧಿ ಹೇಳುವ ಅರ್ಹತೆಗಳು ಕೆಲವೇ: ಭಾರತದ ಪ್ರಜೆಯಾಗಿರಬೇಕು, 35 ವರ್ಷ ತುಂಬಿರಬೇಕು, ಲೋಕಸಭೆಗೆ ಆಯ್ಕೆಯಾಗುವ ಅರ್ಹತೆಯಿರಬೇಕು, ಸರ್ಕಾರದ ಲಾಭದಾಯಕ ಹುದ್ದೆಯಲ್ಲಿರಬಾರದು. ಮೊದಲಿಗೆ ಒಬ್ಬ ಸೂಚಕ, ಒಬ್ಬ ಅನುಮೋದಕ ಇದ್ದರೆ ನಾಮಪತ್ರಕ್ಕೆ ಸಾಕಾಗಿತ್ತು. ಪರಿಣಾಮವಾಗಿ 1967ರಲ್ಲಿ 17 ಮಂದಿ ಸ್ಪರ್ಧಿಸಿದರು; ಅವರಲ್ಲಿ ಒಂಬತ್ತು ಮಂದಿಗೆ ಒಂದು ಮತವೂ ಬೀಳಲಿಲ್ಲ. 1969ರಲ್ಲಿ ಕಣದಲ್ಲಿದ್ದವರು 15 ಮಂದಿ. ದೇಶದ ಅತ್ಯುನ್ನತ ಪೀಠದ ಚುನಾವಣೆ ಹೆಸರು ಮಾಡಿಕೊಳ್ಳುವವರ ಆಟವಾಗುತ್ತಿದೆಯೆಂಬ ಆತಂಕದಿಂದ 1974ರಲ್ಲಿ ಕಾನೂನನ್ನು ಬಿಗಿಗೊಳಿಸಲಾಯಿತು: ಹತ್ತು ಸೂಚಕರು, ಹತ್ತು ಅನುಮೋದಕರು, 2,500 ರೂಪಾಯಿ ಠೇವಣಿ. 1997ರಲ್ಲಿ ಇದು ಐವತ್ತು, ಐವತ್ತು ಮತ್ತು 15,000 ರೂಪಾಯಿಗಳಾಯಿತು. 1977ರಲ್ಲಿ 37 ಮಂದಿ ನಾಮಪತ್ರ ಸಲ್ಲಿಸಿ, 36 ಮಂದಿಯ ಪತ್ರಗಳು ತಿರಸ್ಕೃತವಾಗಿ, ಉಳಿದ ಒಬ್ಬರು ಅವಿರೋಧವಾಗಿ ರಾಷ್ಟ್ರಪತಿಯಾದರು.

ಇಲ್ಲಿ ಅರ್ಹತೆ ಮತ್ತು ಯೋಗ್ಯತೆ ಎಂಬ ಎರಡು ಮಾತುಗಳ ಭೇದವನ್ನು ಗಮನಿಸಬೇಕು. ವಯಸ್ಸು, ಪೌರತ್ವ, ಠೇವಣಿ, ಸೂಚಕರ ಸಂಖ್ಯೆ ಇವೆಲ್ಲ ಅರ್ಹತೆಗೆ ಸೇರಿದವು. ಅಧಿಕಾರಿಯೊಬ್ಬ ಕಾಗದ ನೋಡಿ ಇವನ್ನು ನಿರ್ಣಯಿಸಬಲ್ಲ. ಸತ್ಯನಿಷ್ಠೆ, ನಿರ್ಲೋಭ, ಒತ್ತಡಕ್ಕೆ ಮಣಿಯದ ಸಮಚಿತ್ತ ಇವು ಯೋಗ್ಯತೆಗೆ ಸೇರಿದವು. ಇವನ್ನು ಅಳೆಯುವ ಕೋಲು ಯಾವ ಕಚೇರಿಯಲ್ಲಿಯೂ ಇಲ್ಲ. ಕಾನೂನು ಬಾಗಿಲನ್ನು ಕಿರಿದು ಮಾಡಬಲ್ಲದು. ಕಿರಿದಾದ ಬಾಗಿಲಿನಿಂದ ಒಳಬಂದವರೆಲ್ಲ ಸಜ್ಜನರೆಂದು ಅದು ಮಾತು ಕೊಡಲಾರದು. ಆ ತೂಕದ ಕೆಲಸ ಮತ ಹಾಕುವವರಿಗೇ ಉಳಿದಿದೆ.

ಮತ ಹಾಕುವವರ ಮನಸ್ಸಾಕ್ಷಿಯೇ ವಿವಾದದ ವಸ್ತುವಾದ ಚುನಾವಣೆ 1969ರದು. ಅದರ ಮುಖ್ಯ ಪಾತ್ರಧಾರಿಗಳಲ್ಲೊಬ್ಬರು ಈ ಸೀಮೆಗೆ ತೀರ ಹತ್ತಿರದವರು. 1957ರಲ್ಲಿ ಮೊಳಕಾಲ್ಮೂರು ಕ್ಷೇತ್ರದಿಂದ ವಿಧಾನಸಭೆಗೆ ಆರಿಸಿಬಂದಿದ್ದ ಎಸ್. ನಿಜಲಿಂಗಪ್ಪನವರು ಆಗ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರು. ರಾಷ್ಟ್ರಪತಿ ಜಾಕಿರ್ ಹುಸೇನರು ಮೇ 3ರಂದು ನಿಧನರಾಗಿದ್ದರು. ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಸೇರಿದ್ದ ಪಕ್ಷದ ಸಂಸದೀಯ ಮಂಡಳಿ ನೀಲಂ ಸಂಜೀವರೆಡ್ಡಿಯವರನ್ನು ಅಭ್ಯರ್ಥಿಯಾಗಿ ಆರಿಸಿತು. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಈ ಆಯ್ಕೆ ಸಮ್ಮತವಿರಲಿಲ್ಲ. ಆದರೂ ರೆಡ್ಡಿಯವರ ನಾಮಪತ್ರಕ್ಕೆ ಅವರೇ ಸಹಿ ಹಾಕಿದರು. ವಿ. ವಿ. ಗಿರಿಯವರು ಸ್ವತಂತ್ರರಾಗಿ ನಿಂತರು. ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ಮುಖಂಡರನ್ನು ಕಂಡು, ಆ ಪಕ್ಷಗಳ ಎರಡನೆಯ ಪ್ರಾಶಸ್ತ್ಯದ ಮತ ರೆಡ್ಡಿಯವರಿಗೆ ದೊರೆಯಲೆಂದು ಕೋರಿದರು. ಅದನ್ನೇ ಮುಂದಿಟ್ಟುಕೊಂಡು ಪ್ರಧಾನಿಯ ಕಡೆಯವರು ಪಕ್ಷದ ಸದಸ್ಯರು ಆತ್ಮಸಾಕ್ಷಿಯಂತೆ ಮತ ನೀಡಲಿ ಎಂದರು. ಆಗಸ್ಟ್ 16ರಂದು ಮತದಾನ ನಡೆಯಿತು. ಮೊದಲ ಎಣಿಕೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಕೆಳಗಿನ ಅಭ್ಯರ್ಥಿಗಳ ಮುಂದಿನ ಪ್ರಾಶಸ್ತ್ಯಗಳನ್ನು ಹಂಚಿದ ಮೇಲೆ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427 ಮತಮೌಲ್ಯ ಬಂದಿತು. ಅದೇ ನವೆಂಬರಿನಲ್ಲಿ ಪಕ್ಷವೇ ಎರಡಾಯಿತು.

ಈ ಪ್ರಸಂಗದಲ್ಲಿ ಯಾರದು ಸರಿಯೆಂದು ತೀರ್ಪು ಕೊಡುವುದು ಸುಲಭವಲ್ಲ. ಅನೇಕಾಂತದ ದೃಷ್ಟಿಯುಳ್ಳವರಿಗೆ ಅದರ ಆತುರವೂ ಬೇಡ. ಮಂಡಳಿಯಲ್ಲಿ ಕುಳಿತು ಮಾಡಿದ ನಿರ್ಣಯಕ್ಕೆ ಬದ್ಧರಾಗಿರಬೇಕೆಂಬುದು ಒಂದು ನಯ. ಅತ್ಯುನ್ನತ ಪೀಠದ ಆಯ್ಕೆ ಪಕ್ಷದ ಶಿಸ್ತಿಗಿಂತ ದೊಡ್ಡದೆಂಬುದು ಇನ್ನೊಂದು ನಯ. ಈ ಚುನಾವಣೆಯಲ್ಲಿ ಪಕ್ಷಗಳು ತಮ್ಮ ಸದಸ್ಯರಿಗೆ ವಿಪ್ ಹೊರಡಿಸುವಂತಿಲ್ಲವೆಂಬುದೂ ಮತದಾನ ಗುಪ್ತವಾಗಿರಬೇಕೆಂಬುದೂ ಎರಡನೆಯದಕ್ಕೆ ಬಲ ಕೊಡುತ್ತವೆ. ಆದರೆ ಒಂದು ಪ್ರಶ್ನೆಯನ್ನು ಎರಡೂ ಪಕ್ಷಗಳಿಗೆ ಕೇಳಬೇಕಾಗುತ್ತದೆ. ಆತ್ಮಸಾಕ್ಷಿಯನ್ನು ಕರೆದದ್ದು ಅಭ್ಯರ್ಥಿಯ ಗುಣವನ್ನು ತೂಗುವುದಕ್ಕೋ, ತಮ್ಮ ಬಲಾಬಲವನ್ನು ತೂಗುವುದಕ್ಕೋ? ಸೋಲಿನ ಭಯ ಕಾಡಿದಾಗ ಮಾತ್ರ ನೆನಪಾಗುವ ಆತ್ಮಸಾಕ್ಷಿಯಲ್ಲಿ ಆತ್ಮದ ಅಂಶಕ್ಕಿಂತ ಕಷಾಯದ ಅಂಶವೇ ಹೆಚ್ಚು. ಕಾಲ ಮಾಡಿದ ವಿಪರ್ಯಾಸವನ್ನೂ ನೆನೆಯಬೇಕು: 1969ರಲ್ಲಿ ಒಲ್ಲದವರಾಗಿದ್ದ ಸಂಜೀವರೆಡ್ಡಿಯವರೇ 1977ರಲ್ಲಿ ಅವಿರೋಧವಾಗಿ ಆಯ್ಕೆಯಾದವರು. ಎಂಟು ವರ್ಷಗಳಲ್ಲಿ ಅವರ ಗುಣ ತಲೆಕೆಳಗಾಗಿರಲಿಲ್ಲ. ನೋಡುವವರ ಕಣ್ಣು ಬದಲಾಗಿತ್ತು. ಒಬ್ಬರನ್ನು ಅಯೋಗ್ಯರೆಂದು ಕರೆಯುವ ಮೊದಲು ಆ ಮಾತು ಗುಣಪರೀಕ್ಷೆಯಿಂದ ಹುಟ್ಟಿತೋ ರಾಗದ್ವೇಷದಿಂದ ಹುಟ್ಟಿತೋ ಎಂದು ವಿಚಾರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ಈಗ ಕೊಂಡ್ಲಹಳ್ಳಿಯ ಮತದಾರನ ಕಡೆಗೆ ತಿರುಗಬಹುದು. ತಾನು ಮತ ಹಾಕದ ಚುನಾವಣೆಯಲ್ಲಿ ಅವನ ಹೊಣೆ ಎಲ್ಲಿಂದ ಬಂದಿತು? ಕರ್ನಾಟಕದ ಒಬ್ಬ ಶಾಸಕನ ಮತದ ಮೌಲ್ಯ 131. 1971ರ ಜನಗಣತಿಯ ಪ್ರಕಾರ ರಾಜ್ಯದಲ್ಲಿದ್ದ 2,92,99,014 ಜನರನ್ನು 224 ಶಾಸಕರಿಗೆ ಹಂಚಿ, ಸಾವಿರದಿಂದ ಭಾಗಿಸಿದಾಗ ಬರುವ ಸಂಖ್ಯೆ ಅದು. ಅಂದರೆ ಶಾಸಕನ ಒಂದು ಮತದ ಒಳಗೆ ಸಾವಿರ ಸಾವಿರ ಜನರ 131 ಗುಂಪುಗಳು ನಿಂತಿವೆ. ಮತಪತ್ರದ ಮೇಲೆ ಅಂಕೆ ಬರೆಯುವವನು ಶಾಸಕ. ಬರೆಯುವ ಅಧಿಕಾರವನ್ನು ಅವನ ಕೈಗೆ ಕೊಟ್ಟವರು ಇವರು.

ಜೈನ ಆಚಾರಶಾಸ್ತ್ರ ಕರ್ಮದ ಹೊಣೆಯನ್ನು ಕೇವಲ ಮಾಡಿದವನ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದಿಲ್ಲ. ಕೃತ, ಕಾರಿತ, ಅನುಮತ ಎಂದು ಮೂರು ಬಗೆ ಹೇಳುತ್ತದೆ: ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಇನ್ನೊಬ್ಬರು ಮಾಡಿದ್ದನ್ನು ಒಪ್ಪಿದ್ದು. ಈ ಮೂರೂ ಮನಸ್ಸು, ಮಾತು, ಕಾಯಗಳ ಮೂಲಕ ನಡೆಯಬಲ್ಲವು. ರಾಷ್ಟ್ರಪತಿಯ ಚುನಾವಣೆಯಲ್ಲಿ ಶಾಸಕನದು ಕೃತವಾದರೆ ಪ್ರಜೆಯದು ಕಾರಿತ. ಹಣ ಪಡೆದೋ ಜಾತಿ ನೋಡಿಯೋ ಅಲಕ್ಷ್ಯದಿಂದಲೋ ವಿಧಾನಸಭೆಗೆ ಒಬ್ಬನನ್ನು ಕಳುಹಿಸಿ, ಅವನು ಮುಂದೆ ವಿಧಾನಸೌಧದಲ್ಲಿ ಏನು ಬರೆದನೋ ಅದು ತನಗೆ ಸಂಬಂಧಿಸಿದ್ದಲ್ಲವೆನ್ನುವುದು ಈ ಲೆಕ್ಕದಲ್ಲಿ ನಿಲ್ಲುವುದಿಲ್ಲ.

ಇದಕ್ಕೆ ಒಂದು ಆಕ್ಷೇಪಣೆಯಿದೆ, ಅದು ಪ್ರಾಮಾಣಿಕವಾದುದು. ಕಣದಲ್ಲಿರುವವರೆಲ್ಲ ಅಯೋಗ್ಯರೆನಿಸಿದರೆ, ಯಾರಿಗೆ ಮತ ಹಾಕಿದರೂ ಅನುಮತದ ದೋಷ ತಟ್ಟುವುದಲ್ಲವೇ, ಮತಗಟ್ಟೆಗೆ ಹೋಗದಿರುವುದೇ ಶುದ್ಧವಲ್ಲವೇ ಎಂಬುದು ಆ ಆಕ್ಷೇಪಣೆ. ಉತ್ತರವನ್ನು ಗೃಹಸ್ಥನ ನಿತ್ಯದ ಬಾಳಿನಲ್ಲಿಯೇ ಹುಡುಕಬಹುದು. ಅಣುವ್ರತಿಯಾದ ಕೃಷಿಕ ನೆಲ ಉಳುವಾಗ ಸೂಕ್ಷ್ಮಜೀವಿಗಳ ಹಿಂಸೆ ಪೂರ್ತಿ ತಪ್ಪದೆಂದು ಬಲ್ಲ. ಹಾಗೆಂದು ಉಳುವುದನ್ನು ಬಿಡುವುದಿಲ್ಲ, ಎಚ್ಚರದಿಂದ ಉಳುತ್ತಾನೆ. ಪೂರ್ಣ ನಿವೃತ್ತಿ ಮುನಿಮಾರ್ಗ. ಸಂಸಾರದಲ್ಲಿದ್ದು, ರಾಜ್ಯದ ರಕ್ಷಣೆಯನ್ನು ಅನುಭವಿಸುತ್ತ, ಮತದ ದಿನ ಮಾತ್ರ ಮುನಿಯಂತೆ ವಿರಕ್ತನಾಗುವುದು ವೈರಾಗ್ಯವಲ್ಲ, ಪ್ರಮಾದ. ಯಾರೂ ಬೇಡವೆನಿಸಿದವರಿಗಾಗಿ ನೇರ ಚುನಾವಣೆಗಳಲ್ಲಿ 2013ರಿಂದ ‘ನೋಟಾ’ ಗುಂಡಿಯಿದೆ. ಅದನ್ನು ಒತ್ತುವವನೂ ಮತಗಟ್ಟೆಯವರೆಗೆ ನಡೆದು ಬಂದವನೇ; ಅವನ ಅಸಮ್ಮತಿ ಎಣಿಕೆಗೆ ಸಿಗುತ್ತದೆ. ಮನೆಯಲ್ಲಿ ಉಳಿದವನ ಮೌನ ಅಸಮ್ಮತಿಯೋ ಆಲಸ್ಯವೋ ಯಾರಿಗೂ ತಿಳಿಯುವುದಿಲ್ಲ.

ಇನ್ನು ಯೋಗ್ಯತೆಯನ್ನು ಅಳೆಯುವುದು ಹೇಗೆ? ಪದವಿ, ಕುಲ, ಇಂಗ್ಲಿಷ್ ಮಾತಿನ ಓಟ ಇವನ್ನೇ ಯೋಗ್ಯತೆಯೆಂದು ತಿಳಿಯುವ ಭ್ರಮೆ ಓದಿದವರಲ್ಲಿ ಹೆಚ್ಚು. ಸಂವಿಧಾನವನ್ನು ರಚಿಸಿದವರು ರಾಷ್ಟ್ರಪತಿಗೆ ಯಾವ ಪದವಿಯನ್ನೂ ವಿಧಿಸಲಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿ ಬರೆಸಿದ ಶಾಸನವನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಶ್ರೇಯಸ್ಸು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಪ್ರಯತ್ನಶೀಲನಾದರೆ ಸಣ್ಣವನಿಗೂ ದೊರೆಯುತ್ತದೆ ಎಂಬುದೂ, ಜೀವಿಗಳಲ್ಲಿ ದಯೆ, ಸತ್ಯವಾದ ನುಡಿ, ಹಿರಿಯರಲ್ಲಿ ವಿಧೇಯತೆ ಬೇಕೆಂಬುದೂ ಅದರ ತಾತ್ಪರ್ಯ. ಎರಡು ಸಾವಿರ ವರ್ಷಗಳಿಗೂ ಹಿಂದೆ ಒಬ್ಬ ಅರಸ ಈ ನೆಲದ ಜನರ ಮುಂದಿಟ್ಟ ಅಳತೆಗೋಲಿನಲ್ಲಿ ಕುಲವೂ ಇಲ್ಲ, ಐಶ್ವರ್ಯವೂ ಇಲ್ಲ. ನಡತೆ ಮಾತ್ರ ಇದೆ. ಅದೇ ಸೀಮೆಯ ರೈತ ಬಿತ್ತನೆಯ ಶೇಂಗಾ ಕೊಳ್ಳುವಾಗ ಚೀಲದ ಮೇಲಿನ ಮುದ್ರೆಯನ್ನು ನಂಬಿ ಸುಮ್ಮನಾಗುವುದಿಲ್ಲ. ಒಂದು ಹಿಡಿ ಕಾಯಿ ತೆಗೆದು, ಸುಲಿದು, ಬೀಜ ಗಟ್ಟಿಯಿದೆಯೇ ಜೊಳ್ಳೇ ಎಂದು ನೋಡುತ್ತಾನೆ. ಹಿಂದೆ ಅಧಿಕಾರ ಕೈಯಲ್ಲಿದ್ದಾಗ ಈತ ಹೇಗೆ ನಡೆದ, ತನಗೆ ನಷ್ಟವಾಗುವಾಗಲೂ ಸತ್ಯ ಹೇಳಿದ್ದುಂಟೇ, ಬಲವಂತರಿಗೆ ಬೇಡವೆಂದದ್ದುಂಟೇ ಎಂದು ಕೇಳಿ ತಿಳಿಯುವುದೂ ಅಂಥದೇ ಕೆಲಸ. ಬೆಳೆ ಕೈಕೊಟ್ಟ ಮೇಲೆ ಬೀಜವನ್ನು ದೂರಿ ಫಲವಿಲ್ಲ.

ಈ ಪರೀಕ್ಷೆಯ ಅಭ್ಯಾಸ ಮನೆಯ ಹತ್ತಿರದಿಂದಲೇ ಆರಂಭವಾಗುವುದು ಲೇಸು. ಬಸದಿಯ ಆಡಳಿತ ಮಂಡಳಿಗೆ ಧರ್ಮದರ್ಶಿಗಳನ್ನು ಆರಿಸುವಾಗ ದೊಡ್ಡ ದೇಣಿಗೆ ಕೊಟ್ಟವರೆಂಬ ಒಂದೇ ಕಾರಣಕ್ಕೆ ಭಂಡಾರದ ಬೀಗದ ಕೈಯನ್ನು ಒಪ್ಪಿಸುವ, ಲೆಕ್ಕ ಕೇಳುವವನನ್ನು ಜಗಳಗಂಟನೆನ್ನುವ ರೂಢಿ ಇರುವಲ್ಲಿ, ದೆಹಲಿಯ ಪೀಠಕ್ಕೆ ಅಯೋಗ್ಯರು ಬಂದಾರೆಂಬ ಕಳವಳಕ್ಕೆ ಬೆಲೆ ಕಡಿಮೆ. ಐವತ್ತು ಮನೆಗಳ ಸಭೆಯಲ್ಲಿ ನಿರ್ಭಯವಾಗಿ, ದ್ವೇಷವಿಲ್ಲದೆ, “ಈ ಹೊಣೆಗೆ ಇವರು ತಕ್ಕವರಲ್ಲ” ಎಂದು ಹೇಳಬಲ್ಲವನೇ ಶಾಸಕನಾಗಬಯಸಿ ಬಾಗಿಲಿಗೆ ಬಂದವನನ್ನು ಜಗುಲಿಯ ಮೇಲೆ ಕೂರಿಸಿ, “ಮುಂದೆ ರಾಷ್ಟ್ರಪತಿಯ ಚುನಾವಣೆ ಬಂದಾಗ ಏನನ್ನು ನೋಡಿ ಮತ ಹಾಕುವಿರಿ?” ಎಂದು ಕೇಳಬಲ್ಲ. ಉತ್ತರ ಏನೇ ಬರಲಿ, ಕೇಳಿಸಿಕೊಂಡವನು ಆ ಪ್ರಶ್ನೆಯನ್ನು ವಿಧಾನಸೌಧದವರೆಗೆ ಹೊತ್ತು ಹೋಗುತ್ತಾನೆ.