ಅರವತ್ತರ ಅರಳು

‘ಅರವತ್ತಕ್ಕೆ ಅರಳುಮರಳು’ ಎಂದು ಬುದ್ಧಿ ಜಾರಿದವರನ್ನು ಕಂಡು ಹೇಳುತ್ತೇವೆ. ಬೇಂದ್ರೆಯವರು ಅರವತ್ತರ ಆಸುಪಾಸಿನಲ್ಲಿ ತಮ್ಮ ಕವನಗಳಿಗೆ ಅದೇ ಹೆಸರಿಟ್ಟರು. 1958ರಲ್ಲಿ ‘ಅರಳು ಮರಳು’ವಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಮರಳಿ ಅರಳುವುದು ಎಂಬ ಅರ್ಥ ಆ ಮಾತಿನ ಒಡಲಲ್ಲೇ ಇತ್ತು. ಕವಿಗೆ ದಕ್ಕಿದ ಆ ಅರ್ಥ ಮನೆಯ ಹೆಂಗಸಿಗೆ ಇನ್ನೂ ದಕ್ಕಿಲ್ಲ.

*

‘ಅಜ್ಜಿಗೆ ಅರಿವೆ ಚಿಂತೆ, ಮಗಳಿಗೆ ಗಂಡನ ಚಿಂತೆ’ ಎಂಬ ಗಾದೆ ಯಾರು ಏನನ್ನು ಬಯಸಬಹುದು ಎಂದು ಪಾಲು ಮಾಡಿಕೊಟ್ಟುಬಿಟ್ಟಿದೆ. ಪಾಲು ಮೀರಿದವಳನ್ನು ಕಂಡು ಊರು ನಗುತ್ತದೆ.

*

ಆ ನಗುವನ್ನೇ ತಿರುಗಿಸಿ ಹಿಡಿದ ಚಿತ್ರ 2015ರ ‘ಹಲೋ, ಮೈ ನೇಮ್ ಈಸ್ ಡೋರಿಸ್’. ನಿರ್ದೇಶಕ ಮೈಕೆಲ್ ಶೋವಾಲ್ಟರ್. ಲಾರಾ ಟೆರುಸೊ ಮಾಡಿದ್ದ ಕಿರುಚಿತ್ರವೊಂದು ಅದರ ಬೀಜ. ನ್ಯೂಯಾರ್ಕಿನ ಸ್ಟ್ಯಾಟನ್ ಐಲೆಂಡಿನಲ್ಲಿ ತಾಯಿಯೊಂದಿಗೆ ಬದುಕು ಸವೆಸಿದ ಡೋರಿಸ್ ಮಿಲ್ಲರ್, ತಾಯಿ ತೀರಿಕೊಂಡ ಮೇಲೆ ಆಫೀಸಿಗೆ ಹೊಸದಾಗಿ ಬಂದ ಹುಡುಗನ ಮೇಲೆ ಮನಸ್ಸಿಡುತ್ತಾಳೆ. ಕಥೆ ಇಷ್ಟೇ. ಡೋರಿಸ್ ಆದವರು ಸ್ಯಾಲಿ ಫೀಲ್ಡ್, ಹುಡುಗ ಜಾನ್ ಆದವರು ಮ್ಯಾಕ್ಸ್ ಗ್ರೀನ್‌ಫೀಲ್ಡ್. ಇಬ್ಬರ ನಡುವೆ ಮೂವತ್ತು ವರ್ಷಕ್ಕೂ ಮೀರಿದ ಅಂತರ.

*

ಶುರುವಿನಲ್ಲೇ ಲಿಫ್ಟ್ ತುಂಬ ಜನ. ಎಲ್ಲರೂ ಒತ್ತಿಕೊಂಡು ನಿಂತಿದ್ದಾರೆ. ಪಕ್ಕದಲ್ಲಿ ನಿಂತ ಅಪರಿಚಿತ ಹುಡುಗ ಡೋರಿಸಳತ್ತ ನೋಡಿ ನಕ್ಕು, ಅವಳ ಕನ್ನಡಕವನ್ನು ಸರಿ ಮಾಡುತ್ತಾನೆ. ಅವನಿಗೆ ಅದು ಅರೆಕ್ಷಣದ ಸೌಜನ್ಯ. ಅವಳಿಗೆ, ಎಷ್ಟೋ ವರ್ಷದ ಮೇಲೆ ಯಾರೋ ತನ್ನ ಮುಖವನ್ನು ನೋಡಿದ್ದು. ಮೋಹ ಹುಟ್ಟುವುದಕ್ಕೆ ಚೆಲುವೇ ಬೇಕೆಂದಿಲ್ಲ, ನೋಡುವ ಕಣ್ಣು ಸಿಕ್ಕರೆ ಸಾಕು.

*

ಚಿಕ್ಕಮ್ಮನ ಜೊತೆ ಕೂತು ಈ ಚಿತ್ರ ನೋಡಿದೆ. ಲ್ಯಾಪ್‌ಟಾಪನ್ನು ದಿವಾನದ ಮೇಲೆ ದಿಂಬಿಗೆ ಆನಿಸಿ ಇಟ್ಟಿದ್ದೆ. ಅವರ ಮಡಿಲಲ್ಲಿ ಬಿಡಿಸುತ್ತಿದ್ದ ಅವರೆಕಾಯಿಯ ಮೊರ. ಡೋರಿಸ್ ತಾನು ಕೂರುವ ಗಾಳಿಚೆಂಡಿನ ಗಾಳಿಯನ್ನು ತಾನೇ ತೆಗೆದು, ಜಾನ್‌ನನ್ನು ಕರೆದು ಪಂಪು ಹೊಡೆಸುವಾಗ ಚಿಕ್ಕಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಡೋರಿಸ್ ತಮ್ಮನ ಎದುರು ಸಿಡಿದೇಳುವ ದೃಶ್ಯ. ಮದುವೆ ಗೊತ್ತಾಗಿದ್ದ ಗಂಡು ಕೆಲಸಕ್ಕೆಂದು ಅರಿಜೋನಾಕ್ಕೆ ಹೊರಟಾಗ, ತಾಯಿಯನ್ನು ಬಿಡಲಾಗದೆ ಉಳಿದುಕೊಂಡವಳು ಅವಳು. ಚಿಕ್ಕಮ್ಮನ ಬೆರಳು ಅವರೆಕಾಯಿಯ ಮೇಲೆ ನಿಂತುಬಿಟ್ಟಿತು. ನಮ್ಮಜ್ಜಿ ಹಾಸಿಗೆ ಹಿಡಿದ ಒಂಬತ್ತು ವರ್ಷ ಮಗ್ಗುಲು ಬದಲಿಸಿದ್ದು ಈ ಕೈಗಳೇ. “ಅವಳನ್ನ ಯಾರೂ ಕೇಳಲೇ ಇಲ್ಲ ನೋಡು, ನಿಂಗೇನು ಬೇಕು ಅಂತ,” ಎಂದರು. ನಾನೂ ಕೇಳಿರಲಿಲ್ಲ.

*

ಮುಪ್ಪಿನಲ್ಲಿ ಹುಡುಗಿಯಂತೆ ಆಡುತ್ತಾಳೆ ಎಂದು ಡೋರಿಸಳನ್ನು ಅನ್ನುವವರು ಒಂದು ಲೆಕ್ಕ ಮರೆಯುತ್ತಾರೆ. ಆಸೆಯನ್ನು ಅವಳು ಎಲ್ಲಿ ನಿಲ್ಲಿಸಿದ್ದಳೋ ಅಲ್ಲಿಂದಲೇ ತಾನೇ ಮುಂದುವರಿಸಬೇಕು? ಪುಸ್ತಕ ಮಡಚಿಟ್ಟ ಪುಟ ಅದು. ಕೂದಲು ನೆರೆತದ್ದು ಪುಸ್ತಕದ ಹೊರಗೆ.

*

ಆರೈಕೆಗೆ ನಿಂತವಳ ವಯಸ್ಸು ಎರಡು ದಾರಿಯಲ್ಲಿ ನಡೆಯುತ್ತದೆ. ಮೈಗೆ ಬೇಗ ವಯಸ್ಸಾಗುತ್ತದೆ, ಮನಸ್ಸಿನದು ಕಾಯುತ್ತ ಕೂರುತ್ತದೆ.

*

ಡೋರಿಸಳ ಮನೆ ತುಂಬ ಹಳೆಯ ಸಾಮಾನು. ಯಾವುದನ್ನೂ ಎಸೆಯಲಾರಳು, ಬೀದಿಯಲ್ಲಿ ಯಾರೋ ಬಿಟ್ಟುಹೋದದ್ದನ್ನೂ ಎತ್ತಿ ತರುತ್ತಾಳೆ. ತಮ್ಮನಿಗೂ ಅವನ ಹೆಂಡತಿಗೂ ಅದು ಕಸ, ಮನೆ ಮಾರಲು ಅಡ್ಡಿ. ಬೇಡವೆಂದು ಬಿಟ್ಟ ವಸ್ತುವಿನ ಸಂಕಟ ಗೊತ್ತಿದ್ದವರು ಮಾತ್ರ ಹಾಗೆ ಎತ್ತಿ ತರುತ್ತಾರೆ ಎಂದು ನನಗೆ ಅನ್ನಿಸುತ್ತದೆ.

*

1988ರ ‘ಪಂಚ್‌ಲೈನ್’ನಲ್ಲಿ ಟಾಮ್ ಹ್ಯಾಂಕ್ಸ್ ಮನಸೋಲುವ ಹೆಣ್ಣು ಸ್ಯಾಲಿ ಫೀಲ್ಡ್. ಆರೇ ವರ್ಷದಲ್ಲಿ, 1994ರ ‘ಫಾರೆಸ್ಟ್ ಗಂಪ್’ನಲ್ಲಿ ಅದೇ ಟಾಮ್ ಹ್ಯಾಂಕ್ಸ್‌ಗೆ ಅವರು ತಾಯಿ. ವಯಸ್ಸಿನ ಅಂತರ ಆಗಲೂ ಹತ್ತು ವರ್ಷ, ಈಗಲೂ ಹತ್ತೇ ವರ್ಷ. ಎರಡು ಆಸ್ಕರ್ ಗೆದ್ದ ನಟಿಯನ್ನು ಅಷ್ಟು ಬೇಗ ತಾಯಿಯ ಪೀಠಕ್ಕೆ ಏರಿಸಿದ ಉದ್ಯಮವೇ, ಎಪ್ಪತ್ತು ಸಮೀಪಿಸಿದಾಗ ಅವರ ಮುಂದೆ ಡೋರಿಸಳನ್ನು ತಂದಿಟ್ಟಿತು. ಸುಮಾರು 10 ಲಕ್ಷ ಡಾಲರಿನ ಸಣ್ಣ ಚಿತ್ರ, ಅದರ ಹತ್ತು ಪಟ್ಟಿಗೂ ಮಿಕ್ಕಿ ಗಳಿಸಿತು. ನೋಡುವವರು ಇದ್ದೇ ಇದ್ದರು.

*

1967ರ ‘ದಿ ಗ್ರಾಜುಯೇಟ್’ನಲ್ಲಿ ಹುಡುಗನನ್ನು ಬಲೆಗೆ ಬೀಳಿಸುವ ‘ವಯಸ್ಸಾದ’ ಶ್ರೀಮತಿ ರಾಬಿನ್‌ಸನ್ ಆದ ಆ್ಯನ್ ಬ್ಯಾಂಕ್ರಾಫ್ಟ್, ‘ಹುಡುಗ’ ಡಸ್ಟಿನ್ ಹಾಫ್‌ಮನ್‌ಗಿಂತ ದೊಡ್ಡವರಾಗಿದ್ದುದು ಆರು ವರ್ಷಕ್ಕೂ ಕಡಿಮೆ. ಹೆಣ್ಣನ್ನು ಮುದುಕಿ ಮಾಡಲು ವರ್ಷಗಳು ಬೇಕಿಲ್ಲ.

*

ನಮ್ಮಲ್ಲಿ ಈ ಮೋಹವನ್ನು ಮುಟ್ಟಿದವರು ಪುಟ್ಟಣ್ಣ ಕಣಗಾಲ್. ಭಾರತೀಸುತರ ಕಾದಂಬರಿಯಿಂದ 1973ರಲ್ಲಿ ಮಾಡಿದ ‘ಎಡಕಲ್ಲು ಗುಡ್ಡದ ಮೇಲೆ’ಯಲ್ಲಿ ಜಯಂತಿಯವರ ಮಾಧವಿ, ಗಂಡನ ಆಸರೆ ದಕ್ಕದೆ ಕಿರಿಯನೊಬ್ಬನ ಕಡೆ ವಾಲುತ್ತಾಳೆ. ಆ ಬೇಗೆಯನ್ನು ಕನ್ನಡದ ಪರದೆ ಅಷ್ಟು ಧೈರ್ಯವಾಗಿ ತೋರಿಸಿದ್ದು ಅಪರೂಪ. ಆದರೂ ಅವಳ ಕಥೆ ಸಾವಿನಲ್ಲೇ ಮುಗಿಯಬೇಕಾಯಿತು. ದುರಂತವು ಬಯಸಿದ ಹೆಣ್ಣಿಗೆ ಗೌರವ ಕೊಡುತ್ತದೆ, ಮರುದಿನದ ಬೆಳಗನ್ನು ಕೊಡುವುದಿಲ್ಲ. ಹಾಸ್ಯ ಕೊಡುತ್ತದೆ. ಮಾನ ಹೋದ ಮಾರನೆಯ ದಿನವೂ ಡೋರಿಸ್ ಎದ್ದು, ಸ್ಟ್ಯಾಟನ್ ಐಲೆಂಡಿನ ದೋಣಿ ಹತ್ತಿ ಆಫೀಸು ಸೇರಬೇಕು. ಹಾಸ್ಯಚಿತ್ರ ಹಗುರ ಎನ್ನುವವರ ಮಾತಿಗೆ ನಾನು ಒಪ್ಪದಿರುವುದು ಈ ಕಾರಣಕ್ಕೆ.

*

ಅಲಂಕೃತಾ ಶ್ರೀವಾಸ್ತವ ಅವರ ‘ಲಿಪ್‌ಸ್ಟಿಕ್ ಅಂಡರ್ ಮೈ ಬುರ್ಖಾ’ಕ್ಕೆ 2017ರಲ್ಲಿ ಸೆನ್ಸಾರ್ ಮಂಡಳಿ ಮೊದಲು ಪ್ರಮಾಣಪತ್ರವನ್ನೇ ಕೊಡಲಿಲ್ಲ. ಭೋಪಾಲಿನ ಆ ಕಥೆಯಲ್ಲಿ ರತ್ನಾ ಪಾಠಕ್ ಶಾ ಐವತ್ತೈದರ ವಿಧವೆ. ಊರಿಗೆಲ್ಲ ‘ಬುವಾಜಿ’, ಅಂದರೆ ಸೋದರತ್ತೆ. ಈಜು ಕಲಿಯಲು ಹೋದಾಗ ಹೆಸರೇನೆಂದು ಕೇಳಿದರೆ ಅವಳು ತಡವರಿಸುತ್ತಾಳೆ. ಉಷಾ ಎಂಬ ಸ್ವಂತ ಹೆಸರು ನಾಲಗೆಗೆ ಬರಲು ಹೊತ್ತು ಬೇಕಾಗುತ್ತದೆ. ಈಜು ಕಲಿಸುವ ಹುಡುಗನ ಮೇಲಿನ ಅವಳ ಆಸೆ ಬಯಲಾದಾಗ, ಅತ್ತೆ ಎಂದು ಕರೆಯುತ್ತಿದ್ದವರೇ ಅವಳನ್ನು ಬೀದಿಗೆ ಎಳೆಯುತ್ತಾರೆ.

*

ಅತ್ತೆ, ದೊಡ್ಡಮ್ಮ, ಚಿಕ್ಕಮ್ಮ ಎಲ್ಲವೂ ಅಕ್ಕರೆಯ ಕರೆಗಳೇ. ಅವುಗಳ ನಡುವೆ ಸಿಕ್ಕ ಹೆಣ್ಣಿನ ಹೆಸರು ರೇಷನ್ ಕಾರ್ಡಿನಲ್ಲಿ ಉಳಿಯುತ್ತದೆ. ಡೋರಿಸಳ ಚಿತ್ರಕ್ಕೆ ಹೆಸರು ಹೇಳಿ ಪರಿಚಯ ಮಾಡಿಕೊಳ್ಳುವ ವಾಕ್ಯವೇ ಶೀರ್ಷಿಕೆ ಆಗಿರುವುದು ಇದಕ್ಕೇ ಇರಬೇಕು.

*

ಡೋರಿಸ್ ತಪ್ಪು ಮಾಡುತ್ತಾಳೆ, ಅದನ್ನು ಮುಚ್ಚಬಾರದು. ಗೆಳತಿಯ ಹದಿಹರೆಯದ ಮೊಮ್ಮಗಳ ಸಹಾಯದಿಂದ ಸುಳ್ಳು ಹೆಸರಿನ ಫೇಸ್‌ಬುಕ್ ಖಾತೆ ತೆರೆದು ಜಾನ್‌ನ ಇಷ್ಟಾನಿಷ್ಟಗಳನ್ನು ಬಗೆಯುತ್ತಾಳೆ. ಕುಡಿದ ರಾತ್ರಿ ಅದೇ ಖಾತೆಯಿಂದ ಬರೆದ ಮಾತು ಅವನಿಗೂ ಅವನ ಹುಡುಗಿಗೂ ಇದ್ದ ಪ್ರೀತಿಯನ್ನೇ ಮುರಿಯುತ್ತದೆ. ಇದನ್ನೇ ಅರವತ್ತರ ಗಂಡಸು ಇಪ್ಪತ್ತೈದರ ಹುಡುಗಿಗೆ ಮಾಡಿದ್ದರೆ ನಾವು ಹೆದರುತ್ತಿದ್ದೆವು. ಹೆದರಬೇಕಾದದ್ದೂ ಸರಿ. ಒಂಟಿತನ ಕಾರಣವಾಗಬಹುದು, ಪರವಾನಗಿಯಲ್ಲ. ಡೋರಿಸ್ ಅದನ್ನು ತಾನೇ ಜಾನ್ ಎದುರು ಒಪ್ಪಿಕೊಳ್ಳುತ್ತಾಳೆ. ಅವಳ ಮೇಲಿನ ನನ್ನ ಮಮತೆ ಗಟ್ಟಿಯಾದದ್ದು ಆಗ.

*

ಹಳೆಯ ಗೆಳತಿ ರಾಝ್ ಪಾತ್ರದಲ್ಲಿ ಟೈನ್ ಡೇಲಿ. ಹುಡುಗನ ಗುಂಗಿನಲ್ಲಿ ಡೋರಿಸ್ ಅವಳನ್ನು ದೂರ ಮಾಡುತ್ತಾಳೆ, ಕೊನೆಗೆ ಅವಳ ಬಳಿಗೇ ಮರಳುತ್ತಾಳೆ. ವಯಸ್ಸಾದ ಹೆಂಗಸರ ಸ್ನೇಹವನ್ನು ಈ ಚಿತ್ರದಷ್ಟು ಅಚ್ಚುಕಟ್ಟಾಗಿ ತೋರಿಸಿದ್ದು ಕಡಿಮೆ. ಪ್ರೀತಿ ಕೈಕೊಟ್ಟ ದಿನ ಬಾಗಿಲು ತೆರೆಯಲು ಒಬ್ಬಳು ಬೇಕು.

*

ಹೊಸ ಹುಡುಗರ ಸಂಗೀತ ಕೂಟಕ್ಕೆ ಡೋರಿಸ್ ಹೊಳೆಯುವ ಬಟ್ಟೆ ತೊಟ್ಟು ಹೋಗುತ್ತಾಳೆ. ಅವಳನ್ನು ಕಂಡು ನಗಲು ಕಾದವರಿಗೆ ಅಲ್ಲಿ ನಗು ಸಿಗುವುದಿಲ್ಲ, ಆ ಹುಡುಗರಿಗೆ ಅವಳು ಬಲು ಇಷ್ಟವಾಗುತ್ತಾಳೆ. ಅವಳೊಂದಿಗೆ ನಾವೂ ನಗುತ್ತೇವೆ. ಅವಳನ್ನು ಕಂಡು ನಗುವುದಕ್ಕೂ ಅವಳೊಂದಿಗೆ ನಗುವುದಕ್ಕೂ ಮಧ್ಯೆ ಇರುವ ಗೆರೆಯ ಮೇಲೆ ಸ್ಯಾಲಿ ಫೀಲ್ಡ್ ಇಡೀ ಚಿತ್ರ ನಡೆಯುತ್ತಾರೆ, ಒಂದು ಕಡೆಯೂ ಕಾಲು ಜಾರುವುದಿಲ್ಲ.

*

ಕಡೆಗೆ ಡೋರಿಸ್ ಮನೆಯ ಹಳೆಯ ಸಾಮಾನನ್ನು ಖಾಲಿ ಮಾಡುತ್ತಾಳೆ, ಕೆಲಸ ಬಿಡುತ್ತಾಳೆ. ಲಿಫ್ಟಿನ ಬಾಗಿಲು ಮುಚ್ಚುತ್ತಿದೆ. ಜಾನ್ ಓಡಿ ಬಂದು ಅವಳ ಹೆಸರು ಹಿಡಿದು ಕೂಗುತ್ತಾನೆ. ಚಿತ್ರ ಅಲ್ಲಿಗೆ ನಿಲ್ಲುತ್ತದೆ.

ಚಿಕ್ಕಮ್ಮ ಮೊರವನ್ನು ಪಕ್ಕಕ್ಕಿಟ್ಟರು. ‘ಆಮೇಲೆ ಏನಾಯ್ತಂತೆ?’ ಎಂದು ಕೇಳುತ್ತಾರೆಂದು ಕಾದೆ. ಕೇಳಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು, “ಆ ಕಡೇದಷ್ಟು ಇನ್ನೊಂದ್ಸಲ ಹಾಕೇ,” ಎಂದರು.