ಏಕಾದಶಿಯ ಬಾಳೆಹಣ್ಣು ಮತ್ತು ಇಳಿದ ರಕ್ತದೊತ್ತಡ

ಏಕಾದಶಿಯ ದಿನ ಬಾಳೆಹಣ್ಣು ತಿಂದರೆ ಉಪವಾಸ ಕೆಡುತ್ತದೆಯೇ ಎಂಬ ಪ್ರಶ್ನೆ ಆಚಾರವಂತರ ಮನೆಗಳಲ್ಲಿ ಬಹಳ ಹಳೆಯದು. ಬಿ.ಪಿ. ಕಡಿಮೆ ಇರುವವರು ಬಾಳೆಹಣ್ಣು ತಿಂದರೆ ಅದು ಇನ್ನಷ್ಟು ಇಳಿಯುತ್ತದೆಯೇ ಎಂಬುದು ಈಚೆಗೆ ಅದರ ಜೊತೆ ಸೇರಿಕೊಂಡ ಪ್ರಶ್ನೆ. ಮೊದಲನೆಯದನ್ನು ಪುರೋಹಿತರ ಹತ್ತಿರವೂ ಎರಡನೆಯದನ್ನು ವೈದ್ಯರ ಹತ್ತಿರವೂ ಕೇಳುವುದು ರೂಢಿ. ವ್ರತ ಹಿಡಿದು, ತಲೆ ಸುತ್ತಿ, ಗೋಡೆಗೆ ಒರಗಿ ಕುಳಿತವರು ಮಾತ್ರ ಕೇಳುವುದು ಒಂದನ್ನೇ: ಮೈ ಸೋಲುತ್ತಿರುವಾಗ ವ್ರತವನ್ನು ಎಲ್ಲಿಯವರೆಗೆ ಹಿಡಿಯಬೇಕು?

ವರ್ಷಕ್ಕೆ 24 ಏಕಾದಶಿಗಳು. ಅಧಿಕಮಾಸ ಬಂದ ವರ್ಷ 26. ಮಧ್ವಾಚಾರ್ಯರ ‘ಕೃಷ್ಣಾಮೃತಮಹಾರ್ಣವ’ ಈ ಉಪವಾಸವನ್ನು ಒತ್ತಿ ಹೇಳುತ್ತದೆ. ಮಾಧ್ವ ಸಂಪ್ರದಾಯದಲ್ಲಿ ದಶಮಿಯಂದು ಒಂದೇ ಹೊತ್ತು ಊಟ, ಏಕಾದಶಿಯಂದು ನಿರಾಹಾರ, ದ್ವಾದಶಿಯ ಬೆಳಗ್ಗೆ ಪಾರಣೆ. ಕಟ್ಟುನಿಟ್ಟಿನವರು ನೀರನ್ನೂ ಮುಟ್ಟುವುದಿಲ್ಲ. ದಶಮಿಯ ಮಧ್ಯಾಹ್ನದ ಎಲೆಯಿಂದ ದ್ವಾದಶಿಯ ಬೆಳಗಿನ ಎಲೆಯವರೆಗೆ ಲೆಕ್ಕ ಹಾಕಿದರೆ 40 ಗಂಟೆ ದಾಟುತ್ತದೆ. ಸ್ಮಾರ್ತರ ಎಷ್ಟೋ ಮನೆಗಳಲ್ಲಿ ನಿಯಮ ಇಷ್ಟು ಬಿಗಿಯಲ್ಲ. ಅನ್ನ ಬಿಟ್ಟು ಫಲಾಹಾರ ಮಾಡುತ್ತಾರೆ. ಆ ‘ಫಲಾಹಾರ’ವೇ ಬಾಯಲ್ಲಿ ಸವೆದು ‘ಫಳಾರ’ವಾಗಿ, ಉಪ್ಪಿಟ್ಟು ಅವಲಕ್ಕಿಗಳೂ ಅದರೊಳಗೆ ಸೇರಿದವು. ಹೆಸರಿಗೆ ತಕ್ಕ ಫಲಾಹಾರವೆಂದು ಉಳಿದದ್ದು ಮುಖ್ಯವಾಗಿ ಬಾಳೆಹಣ್ಣು ಮತ್ತು ಹಾಲು.

ರಕ್ತದೊತ್ತಡ ಎಂಬ ಅಳತೆ ಧರ್ಮಶಾಸ್ತ್ರ ಬರೆದವರ ಕಾಲದಲ್ಲಿ ಇರಲಿಲ್ಲ. ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಉಪಕರಣವನ್ನು ಇಟಲಿಯ ವೈದ್ಯ ರೀವಾ-ರೋಚಿ ರೂಪಿಸಿದ್ದು 1896ರಲ್ಲಿ. ಈಗಿನ ರೂಢಿಯಂತೆ 90/60ಕ್ಕಿಂತ ಕೆಳಗಿನದು ಕಡಿಮೆ ರಕ್ತದೊತ್ತಡ. ಸಂಖ್ಯೆ ಇಷ್ಟಿದ್ದ ಮಾತ್ರಕ್ಕೆ ಕಾಯಿಲೆಯಲ್ಲ. ತೆಳ್ಳಗಿನ ಮೈಕಟ್ಟಿನ ಎಷ್ಟೋ ಹೆಂಗಸರು ಜೀವಮಾನವೆಲ್ಲ ಅದೇ ಅಂಕಿಯಲ್ಲಿ ಆರೋಗ್ಯವಾಗಿಯೇ ಇರುತ್ತಾರೆ. ತಲೆ ಹಗುರಾಗುವುದು, ಕಣ್ಣು ಕತ್ತಲೆ ಬರುವುದು, ಬಿದ್ದುಬಿಡುವುದು ಇವು ಕಾಣಿಸಿಕೊಂಡಾಗಲೇ ಚಿಂತೆ.

ಅದು ಕಾಣಿಸಿಕೊಳ್ಳುವ ಹೊತ್ತೂ ಹೆಚ್ಚುಕಡಿಮೆ ಗೊತ್ತಿರುವಂಥದೇ. ದ್ವಾದಶಿಯ ನಸುಕು. ತಣ್ಣೀರು ಮಿಂದು, ಒದ್ದೆ ಕೂದಲಿಗೆ ಪಂಚೆ ಸುತ್ತಿಕೊಂಡು, ಅರ್ಧ ಗಂಟೆ ಮಣೆಯ ಮೇಲೆ ಕುಳಿತು ಪೂಜೆ ಮುಗಿಸಿದ ಅಜ್ಜಿ ಮಂಗಳಾರತಿಗೆಂದು ಥಟ್ಟನೆ ಏಳುತ್ತಾರೆ. ಎದ್ದ ಕ್ಷಣ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲುಗಳ ಕಡೆಗೂ ಹೊಟ್ಟೆಯ ಕಡೆಗೂ ಇಳಿಯುತ್ತದೆ. ಬೇರೆ ದಿನವಾದರೆ ಕತ್ತಿನ ಮತ್ತು ಎದೆಯ ದೊಡ್ಡ ಧಮನಿಗಳಲ್ಲಿರುವ ನರಗಳು ಇದನ್ನು ಕೂಡಲೇ ಅರಿತು, ರಕ್ತನಾಳಗಳನ್ನು ಬಿಗಿ ಮಾಡಿ, ಎದೆಬಡಿತ ಏರಿಸಿ ಸರಿದೂಗಿಸುತ್ತಿದ್ದವು. ಈ ದಿನ ನಾಳಗಳಲ್ಲಿ ನೀರೇ ಕಡಿಮೆ. ಅಜ್ಜಿಯ ಕೈ ಬಾಗಿಲ ಚೌಕಟ್ಟನ್ನು ಹುಡುಕುತ್ತದೆ, ಆರತಿತಟ್ಟೆ ವಾಲುತ್ತದೆ. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರು ಅದನ್ನು ನಿಂತಾಗಿನ ರಕ್ತದೊತ್ತಡ ಕುಸಿತ ಎನ್ನುತ್ತಾರೆ.

ಉಪವಾಸದಲ್ಲಿ ಇದು ಹೆಚ್ಚಲು ಕಾರಣ ಬರೀ ನೀರು ಕುಡಿಯದಿರುವುದಲ್ಲ. ಊಟ ನಿಂತಾಗ ಇನ್ಸುಲಿನ್ ಇಳಿಯುತ್ತದೆ. ಇನ್ಸುಲಿನ್ ಇಳಿದಾಗ ಮೂತ್ರಪಿಂಡಗಳು ಸೋಡಿಯಂ ಹಿಡಿದಿಟ್ಟುಕೊಳ್ಳದೆ ಹೊರಗೆ ಬಿಡುತ್ತವೆ. ಸೋಡಿಯಂ ಹೋದಲ್ಲಿಗೆ ನೀರೂ ಹಿಂಬಾಲಿಸುತ್ತದೆ. ಹೀಗೆ ಉಪವಾಸವೇ ಮೈಯ ಉಪ್ಪನ್ನು ಬಸಿಯುತ್ತದೆ, ಊಟವಿಲ್ಲದ್ದರಿಂದ ಬಸಿದುಹೋದದ್ದು ಮರಳಿ ಬರುವುದೂ ಇಲ್ಲ.

ಈಗ ಬಾಳೆಹಣ್ಣು. ಮಧ್ಯಮ ಗಾತ್ರದ ಒಂದು ಪಚ್ಚಬಾಳೆಯ ತಿರುಳು ಸುಮಾರು 118 ಗ್ರಾಂ. ಅದರ ಮುಕ್ಕಾಲು ಪಾಲು ನೀರು. 27 ಗ್ರಾಂನಷ್ಟು ಶರ್ಕರಪಿಷ್ಟ, 105 ಕ್ಯಾಲರಿ, 420 ಮಿಲಿಗ್ರಾಂ ಪೊಟ್ಯಾಸಿಯಂ, ಸೋಡಿಯಂ ಒಂದೇ ಮಿಲಿಗ್ರಾಂ. ಏಲಕ್ಕಿಬಾಳೆ ಇದರ ಸುಮಾರು ಅರ್ಧ. ಪೊಟ್ಯಾಸಿಯಂ ರಕ್ತದೊತ್ತಡ ತಗ್ಗಿಸುತ್ತದೆ ಎಂಬ ಮಾತು ನಿಜ. ಅದು ಮೂತ್ರಪಿಂಡಗಳಿಂದ ಸೋಡಿಯಂ ಹೊರಹೋಗಲು ನೆರವಾಗುತ್ತದೆ, ನಾಳಗಳ ಗೋಡೆಯನ್ನು ಸಡಿಲಿಸುತ್ತದೆ. ಆದರೆ ಈ ಪರಿಣಾಮ ಎದ್ದು ಕಾಣುವುದು ಒತ್ತಡ ಹೆಚ್ಚಿದ್ದು, ಉಪ್ಪು ಜಾಸ್ತಿ ತಿನ್ನುವವರಲ್ಲಿ. ಅದೂ ವಾರಗಟ್ಟಲೆ ಆಹಾರ ಬದಲಿಸಿದಾಗ, ಕೆಲವೇ ಅಂಕಿಗಳಷ್ಟು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ ಕನಿಷ್ಠ 3,510 ಮಿಲಿಗ್ರಾಂ ಪೊಟ್ಯಾಸಿಯಂ ಬೇಕೆನ್ನುತ್ತದೆ. ಒಂದು ಹಣ್ಣು ಅದರ ಎಂಟನೆಯ ಒಂದು ಭಾಗ. ಆರೋಗ್ಯವಂತ ಮೂತ್ರಪಿಂಡಗಳಿರುವವರ ಒತ್ತಡವನ್ನು ಒಂದೆರಡು ಬಾಳೆಹಣ್ಣು ಕೆಡವಿಹಾಕುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಬಾಳೆಹಣ್ಣು ‘ತಂಪು’ ಎಂದು ಆಯುರ್ವೇದ ಹೇಳುವುದುಂಟು. ಆ ತಂಪು ಜೀರ್ಣಶಕ್ತಿ ಮತ್ತು ಕಫದ ಲೆಕ್ಕದ್ದು, ರಕ್ತದೊತ್ತಡದ ಲೆಕ್ಕದ್ದಲ್ಲ. ಎರಡನ್ನೂ ಕಲಸಿಕೊಂಡದ್ದೂ ಈ ಭಯಕ್ಕೆ ಒಂದು ಕಾರಣವಿರಬಹುದು.

ಭಯ ತಪ್ಪೆಂದರೆ ಬಾಳೆಹಣ್ಣು ಮದ್ದೆಂದು ಅರ್ಥವಲ್ಲ. ಬಳಲಿದ ಮೈಗೆ ಅದು ಸಕ್ಕರೆ ಕೊಡುತ್ತದೆ, ತುಸು ನೀರು ಕೊಡುತ್ತದೆ. ಬಸಿದುಹೋದ ಉಪ್ಪನ್ನು ಕೊಡುವುದಿಲ್ಲ. ಉಪ್ಪು ಬಿಟ್ಟು ಮಾಡುವ ವ್ರತಗಳಲ್ಲಿ ತೊಡಕು ಇರುವುದು ಇಲ್ಲೇ: ಅಲ್ಲಿ ಅನುಮತಿ ಇರುವುದು ಹಣ್ಣಿಗೆ, ಮೈ ಕೇಳುತ್ತಿರುವುದು ಉಪ್ಪುನೀರನ್ನು. ಅನುಭವಿಗಳು ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ಕಡಲುಪ್ಪು ನಿಷಿದ್ಧವಾದ ಎಷ್ಟೋ ಮನೆಗಳಲ್ಲಿ ಸೈಂಧವ ಲವಣಕ್ಕೆ ತಡೆಯಿಲ್ಲ. ಸೈಂಧವವೂ ಬಹುಪಾಲು ಸೋಡಿಯಂ ಕ್ಲೋರೈಡೇ. ಶಾಸ್ತ್ರದ ಕಣ್ಣಿಗೆ ಬೇರೆಯಾದದ್ದು ರಕ್ತದ ಪಾಲಿಗೆ ಒಂದೇ. ಒಂದು ಲೋಟ ನೀರುಮಜ್ಜಿಗೆಗೆ ಚಿಟಿಕೆ ಸೈಂಧವ ಹಾಕಿ ಕುಡಿಯುವುದು ಎರಡು ಬಾಳೆಹಣ್ಣಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಪಂಚಪಾತ್ರೆಯಿಂದ ಉದ್ಧರಣೆಯಲ್ಲಿ ಮೂರು ಸಲ ಆಚಮನ ಮಾಡಿದ ನೀರು ಮನಸ್ಸಿಗೆ ಶುದ್ಧಿ ತಂದೀತು, ನಾಳಗಳಿಗೆ ಸಾಲದು.

ಕೆಲವರಿಗೆ ಬಾಳೆಹಣ್ಣೇ ತೊಂದರೆ ಕೊಡಬಲ್ಲದು. ಮೂತ್ರಪಿಂಡ ಸೋತವರಲ್ಲಿ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಎದೆಬಡಿತದ ತಾಳ ತಪ್ಪಿಸುತ್ತದೆ. ಹೃದಯ ದುರ್ಬಲವಾಗಿ ಸ್ಪೈರನೊಲ್ಯಾಕ್ಟೋನ್, ಎನಲಾಪ್ರಿಲ್‌ನಂಥ ಮಾತ್ರೆ ನುಂಗುವವರಲ್ಲಿ ಒತ್ತಡ ಇಳಿದಿರುತ್ತದೆ, ಪೊಟ್ಯಾಸಿಯಂ ಏರುವ ಅಪಾಯವೂ ಇರುತ್ತದೆ. ಅಡ್ರಿನಲ್ ಗ್ರಂಥಿ ಕುಂದುವ ಆಡಿಸನ್ ಕಾಯಿಲೆಯಲ್ಲೂ ಹೀಗೆಯೇ: ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಹೆಚ್ಚು, ರಕ್ತದೊತ್ತಡ ತೀರ ಕಡಿಮೆ. ಇವರು ವೈದ್ಯರು ಹೇಳಿದ ಮಿತಿಯಲ್ಲೇ ಹಣ್ಣು ತಿನ್ನಬೇಕು. ವಯಸ್ಸಾದವರಲ್ಲಿ ಇನ್ನೊಂದು ಸಂಗತಿ ಇದೆ. ಸಿಹಿಯೂ ಪಿಷ್ಟವೂ ತುಂಬಿದ ಊಟ ಒಮ್ಮೆಗೇ ಹೊಟ್ಟೆಗೆ ಬಿದ್ದರೆ ರಕ್ತ ಕರುಳಿನ ಕಡೆ ಹರಿದು, ಎರಡು ಗಂಟೆಯೊಳಗೆ ಒತ್ತಡ ಕುಸಿಯಬಹುದು. ಪಾರಣೆಯ ಎಲೆಯ ಮೇಲೆ ಬಾಳೆಹಣ್ಣಿನ ಸೀಕರಣೆ, ಪಾಯಸ, ಅನ್ನ ಒಟ್ಟಿಗೆ ಬೀಳುವಾಗ ಇದು ನೆನಪಿರಬೇಕು.

ಧರ್ಮಶಾಸ್ತ್ರ ಈ ದೌರ್ಬಲ್ಯವನ್ನು ಅಂಕಿಯಲ್ಲಿ ಅಳೆಯಲಿಲ್ಲ, ಆದರೆ ಕಂಡಿತ್ತು. ಮಹಾಭಾರತದ ಉದ್ಯೋಗಪರ್ವದಲ್ಲಿ ವಿದುರ, ವ್ರತವನ್ನು ಕೆಡಿಸದ ಎಂಟನ್ನು ಎಣಿಸುತ್ತಾನೆ: ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಿನ ಮಾತು, ಔಷಧ. ಬಾಳೆಹಣ್ಣಿನ ಪ್ರಶ್ನೆ ಇಲ್ಲಿಗೇ ಮುಗಿಯಬಹುದಿತ್ತು. 1612ರಲ್ಲಿ ಕಮಲಾಕರ ಭಟ್ಟ ಬರೆದ ‘ನಿರ್ಣಯಸಿಂಧು’, 1790ರ ಕಾಶೀನಾಥ ಉಪಾಧ್ಯಾಯರ ‘ಧರ್ಮಸಿಂಧು’ ಮೊದಲಾದ ಗ್ರಂಥಗಳು ಈ ವಿಚಾರವನ್ನು ಇನ್ನೂ ಬೆಳೆಸುತ್ತವೆ. ಪೂರ್ಣ ಉಪವಾಸ ಆಗದವರಿಗೆ ರಾತ್ರಿ ಒಂದೇ ಊಟ, ಹವಿಷ್ಯಾನ್ನ, ಹಣ್ಣು, ಹಾಲು ಎಂದು ಮೆಟ್ಟಿಲುಗಳಿವೆ. ಎಂಟು ವರ್ಷದೊಳಗಿನವರಿಗೂ ಎಂಬತ್ತು ದಾಟಿದವರಿಗೂ ಕಡ್ಡಾಯವಿಲ್ಲ. ಅಶಕ್ತರ ಬದಲು ಗಂಡ, ಹೆಂಡತಿ, ಮಗ ವ್ರತ ಹಿಡಿಯುವುದಕ್ಕೂ ಅವಕಾಶವಿದೆ. ಇಷ್ಟೆಲ್ಲ ಇದ್ದೂ ಹಣ್ಣಿನ ತುಂಡೊಂದನ್ನು ಕದ್ದಂತೆ ತಿಂದು, ಆಮೇಲೆ ದಿನವಿಡೀ ಕೊರಗುವ ಹಿರಿಯ ಹೆಂಗಸರು ಮನೆಮನೆಯಲ್ಲಿದ್ದಾರೆ. ಶಾಸ್ತ್ರ ಹೊರಿಸದ ಪಾಪವನ್ನು ಅವರ ಮೇಲೆ ಹೊರಿಸಿದ್ದು ಸುತ್ತಲಿನವರ ಮಾತು.

ತಪಸ್ಸೆಂದರೆ ಮೈ ನೋಯಲೇಬೇಕಲ್ಲ, ನೋವೇ ಇಲ್ಲದ ವ್ರತಕ್ಕೆ ಅರ್ಥವೇನು ಎಂಬ ಆಕ್ಷೇಪ ಉಳಿಯುತ್ತದೆ. ಅದು ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಹಸಿವನ್ನು ಮೀರಿ ನಿಲ್ಲುವುದರಲ್ಲಿ ಒಂದು ಬಲವಿದೆ, ಅದನ್ನು ಅರಿತವರೇ ಬಲ್ಲರು. ಆದರೂ ಗೀತೆಯ ಆರನೆಯ ಅಧ್ಯಾಯ ಅತಿಯಾಗಿ ಉಣ್ಣುವವನಿಗೂ ಏನೂ ಉಣ್ಣದವನಿಗೂ ಯೋಗ ದಕ್ಕದೆನ್ನುತ್ತದೆ. ಹದಿನೇಳನೆಯದು ಶಾಸ್ತ್ರ ಹೇಳದ ಘೋರ ತಪಸ್ಸಿನಿಂದ ಶರೀರವನ್ನು ಕೊರಗಿಸುವವರನ್ನು ಆಸುರ ಸ್ವಭಾವದವರೆಂದೇ ಕರೆಯುತ್ತದೆ. ಏಕಾದಶಿ ಶಾಸ್ತ್ರವೇ ಹೇಳಿದ ವ್ರತ, ಆ ಮಾತು ಇದಕ್ಕೆ ತಗಲದು ಎಂದು ನಿಷ್ಠಾವಂತರು ವಾದಿಸಬಹುದು. ವಾದ ಸರಿಯೇ. ಆದರೆ ಅಶಕ್ತರಿಗೆ ಹಣ್ಣನ್ನು ಹೇಳಿದ್ದೂ ಅದೇ ಶಾಸ್ತ್ರ. ಒಂದು ವಿಧಿಯನ್ನು ಪಾಲಿಸುವ ಹಟದಲ್ಲಿ ಇನ್ನೊಂದನ್ನು ಮುರಿಯುವುದು ನಿಷ್ಠೆಯಾಗುವುದಿಲ್ಲ. ಕುರಾನ್ ಕೂಡ ಕಾಯಿಲೆಯವರು ರಂಜಾನಿನ ಉಪವಾಸವನ್ನು ಬೇರೆ ದಿನಗಳಿಗೆ ಮುಂದೂಡಲು ಬಿಟ್ಟಿದೆ. ಉಪವಾಸ ಎಂಬ ಪದದ ಮೂಲಾರ್ಥ ಹತ್ತಿರ ಇರುವುದು. ಪ್ರಜ್ಞೆ ತಪ್ಪಿ ನೆಲಕ್ಕೆ ಬಿದ್ದವರು ಯಾರ ಹತ್ತಿರ ಇದ್ದಂತಾಯಿತು?

ಹಣ್ಣನ್ನು ವ್ರತವಾಗಿಸುವುದೂ ಭೋಗವಾಗಿಸುವುದೂ ಸಂಕಲ್ಪ. ಮೈ ನಿಲ್ಲಲೆಂದು ತಿಂದ ಒಂದು ಬಾಳೆಹಣ್ಣಿಗೂ, ಊಟ ತಪ್ಪಿತೆಂದು ಬಾಯಿಚಪಲಕ್ಕೆ ತಿಂದ ಅರ್ಧ ಡಜನಿಗೂ ಅಂತರ ದೊಡ್ಡದು. ಒತ್ತಡ ಕಡಿಮೆ ಇರುವವರು ಸಂಕಲ್ಪ ಮಾಡುವಾಗಲೇ ನೀರು, ಹಣ್ಣು, ಸೈಂಧವ ಹಾಕಿದ ಮಜ್ಜಿಗೆ ಇವನ್ನು ಸೇರಿಸಿಕೊಂಡು ಹೇಳಿಕೊಳ್ಳಲಿ. ನಿರ್ಜಲ ವ್ರತದ ಆಸೆ ಬಿಡಲಿ. ಹಣ್ಣಿಗೆ ಮೊದಲು ಒಂದು ದೊಡ್ಡ ಲೋಟ ನೀರು ಕುಡಿಯಲಿ. ಮಣೆಯಿಂದ ಏಳುವಾಗ ಒಂದು ಕೈ ಗೋಡೆಯ ಮೇಲಿರಲಿ. ಮನೆಯ ಕಿರಿಯರು ಆ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತು, ಆರತಿತಟ್ಟೆಯನ್ನು ತಾವು ಹಿಡಿದುಕೊಳ್ಳಲಿ.